ಬೆಳೆವ ಸಿರಿ ಮೊಳಕೆಯಲ್ಲಿ ಕಾಣುವುದೇ?

ಕಾರಹುಣ್ಣಿಮೆಯ ಸಂಜೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತುಗಳ ಕರಿ ಹರಿಯುವ ಸಂಭ್ರಮ ಮುಗಿದ ಮೇಲೆ ಹುಡುಗರ ಸರದಿ ಬರುವುದುಂಟು. ಊರ ಮುಂದೆ ಬಿದ್ದಿರುವ ದುಂಡು ಕಲ್ಲನ್ನು ಒಬ್ಬ ಮೊಣಕಾಲಿನವರೆಗೆ ತರುತ್ತಾನೆ, ಇನ್ನೊಬ್ಬ ಎದೆಗೇರಿಸುತ್ತಾನೆ, ಮತ್ತೊಬ್ಬ ಹೆಗಲ ಮೇಲಿಂದ ಹಿಂದಕ್ಕೆ ಎಸೆದು ಸೈ ಎನ್ನಿಸಿಕೊಳ್ಳುತ್ತಾನೆ. ಕೆಲವು ಕಡೆ ಜೋಳದ ಚೀಲ ಹೊರುವ ಪಂದ್ಯವೂ ಇರುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಇದನ್ನು ನೋಡುವ ರೀತಿಯೇ ಬೇರೆ. ಗೆದ್ದವನ ಬೆನ್ನು ತಟ್ಟಿದರೂ ಅವರ ಕಣ್ಣು ಒಮ್ಮೊಮ್ಮೆ ಸೋತ ಹುಡುಗನೊಬ್ಬನ ಮೇಲೆ ನಿಂತಿರುತ್ತದೆ. ಇವತ್ತು ಕಲ್ಲು ಎತ್ತಲಿಲ್ಲ, ಇನ್ನೆರಡು ವರ್ಷ ಹೋದರೆ ಇವನೇ ಪೈಲ್ವಾನನಾಗುತ್ತಾನೆ ಎಂಬ ಲೆಕ್ಕ ಅವರದು. ಗರಡಿಮನೆಗಳಿಗೆ ಹುಡುಗರು ಸೇರುತ್ತಿದ್ದುದು ಬಹಳ ಕಾಲ ಇಂಥ ಕಣ್ಣಳತೆಯ ಮೇಲೆಯೇ.

ಇದೇ ಕಣ್ಣಳತೆಯನ್ನು ಅಮೆರಿಕದವರು ದೊಡ್ಡ ಉದ್ಯಮವಾಗಿ ಬೆಳೆಸಿದ್ದಾರೆ. ಕಾಲೇಜಿನಲ್ಲಿ ಆಡುವ ಹುಡುಗರಲ್ಲಿ ಯಾರು ಮುಂದೆ ವೃತ್ತಿಪರ ತಂಡಕ್ಕೆ ಒದಗಿಯಾರು ಎಂದು ಕಂಡುಹಿಡಿಯುವುದೇ ಅಲ್ಲಿ ನೂರಾರು ಜನರ ಹೊಟ್ಟೆಪಾಡು. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗನನ್ನು ನೋಡಿ ಅವನ ಇಪ್ಪತ್ತೆಂಟನೆಯ ವರ್ಷದ ಆಟವನ್ನು ಊಹಿಸಬೇಕು. ಬೆಳೆವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯ ಮೇಲೆ ಕೋಟ್ಯಂತರ ರೂಪಾಯಿ ಪಣವಿಟ್ಟಂತೆ. ಸುಮಾರು ತೊಂಬತ್ತು ವರ್ಷಗಳ ಅವರ ಅನುಭವ ಹೇಳುವುದೇನು, ನಮ್ಮ ನಾಡಿನ ಅನುಭವ ಹೇಳುವುದೇನು ಎಂದು ಒಟ್ಟಿಗೆ ಇಟ್ಟು ನೋಡುವುದು ಸ್ವಾರಸ್ಯಕರ.

ಕೊನೆಯವನಿಗೆ ಮೊದಲ ಮಣೆ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಾವು ತಿಳಿದಿರುವ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟ. ಅಲ್ಲಿನ ವಿಶ್ವವಿದ್ಯಾಲಯಗಳು ಈ ಆಟವನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿವೆ. ವೃತ್ತಿಪರ ತಂಡಗಳು ತಮ್ಮ ಆಟಗಾರರನ್ನು ಆರಿಸಿಕೊಳ್ಳುವುದು ಬಹುತೇಕ ಈ ಕಾಲೇಜುಗಳಿಂದಲೇ.

ಮೊದಲು ಹಣವಿದ್ದ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಳ್ಳುತ್ತಿದ್ದವು. ಬಡ ತಂಡಗಳು ಸೋಲುತ್ತಲೇ ಇದ್ದವು. ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಇದಕ್ಕೊಂದು ಉಪಾಯ ಸೂಚಿಸಿದರು. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಆರಿಸಲ್ಪಟ್ಟವನು ಆ ತಂಡದೊಡನೆಯೇ ಮಾತುಕತೆ ನಡೆಸಬೇಕು. ಇದೇ ‘ಡ್ರಾಫ್ಟ್’. ಹರಾಜಿನಲ್ಲಿ ಹಣವಿದ್ದವನು ಗೆಲ್ಲುತ್ತಾನೆ. ಡ್ರಾಫ್ಟಿನಲ್ಲಿ ಸರದಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ.

1936ರಲ್ಲಿ ಮೊದಲ ಡ್ರಾಫ್ಟ್ ನಡೆದಾಗ ತಂಡಗಳಿದ್ದುದು ಒಂಬತ್ತು. ಆಟಗಾರರನ್ನು ಹುಡುಕುವ ಪ್ರತ್ಯೇಕ ಇಲಾಖೆ ಯಾರಿಗೂ ಇರಲಿಲ್ಲ. ಪತ್ರಿಕೆಯಲ್ಲಿ ಓದಿದ್ದು, ಪರಿಚಿತ ತರಬೇತುದಾರರಿಂದ ಕೇಳಿದ್ದು, ಇಷ್ಟೇ ಆಧಾರ. ಮೊಟ್ಟಮೊದಲು ಹೆಸರು ಕೂಗಿಸಿಕೊಂಡವನು ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ತಮಾಷೆಯೆಂದರೆ ಆತ ವೃತ್ತಿಪರ ಫುಟ್‌ಬಾಲನ್ನು ಒಂದು ದಿನವೂ ಆಡಲಿಲ್ಲ. ಸಂಬಳ ಸಾಲದೆಂದು ರಬ್ಬರ್ ಕಂಪನಿಯೊಂದರ ಕೆಲಸಕ್ಕೆ ಸೇರಿಕೊಂಡ.

ಇಂದು ತಂಡಗಳು ಮೂವತ್ತೆರಡು, ಆಯ್ಕೆಯ ಸುತ್ತುಗಳು ಏಳು. ವರ್ಷಕ್ಕೆ ಅರ್ಹರಾಗುವ ಸುಮಾರು 16 ಸಾವಿರ ಕಾಲೇಜು ಆಟಗಾರರಲ್ಲಿ ಹೆಸರು ಬರುವುದು ಸುಮಾರು 260 ಮಂದಿಗೆ. ನೂರಕ್ಕೆ ಇಬ್ಬರೂ ಇಲ್ಲ. ಅದಕ್ಕೆ ಮೊದಲು ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ ಎತ್ತಿನ ಸಂತೆಯಲ್ಲಿ ಹಲ್ಲು ನೋಡುವಷ್ಟೇ ಶ್ರದ್ಧೆಯಿಂದ ಪರೀಕ್ಷಿಸುತ್ತಾರೆ. 40 ಗಜ ಓಡಲು ಎಷ್ಟು ಸೆಕೆಂಡು, ನಿಂತಲ್ಲಿಂದ ಎಷ್ಟು ಎತ್ತರ ಜಿಗಿತ, ಅಂಗಾತ ಮಲಗಿ 102 ಕಿಲೋ ಭಾರವನ್ನು ಎಷ್ಟು ಸಲ ಎತ್ತಬಲ್ಲ, ಅಂಗೈ ಎಷ್ಟು ಅಗಲ, ಎಲ್ಲದಕ್ಕೂ ಅಂಕಿ. ನಮ್ಮ ಕಾರಹುಣ್ಣಿಮೆಯ ಕಲ್ಲಿಗೆ ಗಡಿಯಾರ ಮತ್ತು ತಕ್ಕಡಿ ಕಟ್ಟಿದಂತೆ.

ಅಂಕಿಯ ಹಿಂದೆ ಒಬ್ಬ ಭಾರತೀಯ

ಈ ವಿದ್ಯೆಗೆ ಗಣಕಯಂತ್ರವನ್ನು ಒಗ್ಗಿಸಿದವರಲ್ಲಿ ಭಾರತೀಯರೊಬ್ಬರಿದ್ದರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್, ಆಟಗಾರರ ಬಗ್ಗೆ ಬರುವ ವರದಿಗಳನ್ನು ಯಂತ್ರಕ್ಕೆ ಊಡಿಸಿ ತಾಳೆ ನೋಡಲು ಸಾಧ್ಯವೇ ಎಂದು ಐಬಿಎಂ ಸಂಸ್ಥೆಯ ಅಂಗಕಂಪನಿಯೊಂದನ್ನು ಕೇಳಿದರು. ಆ ಕೆಲಸ ಬಿದ್ದದ್ದು ಅಲಿಗಢದಲ್ಲಿ ಓದಿದ್ದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಷಿ ಅವರ ಪಾಲಿಗೆ. ಕ್ರಿಕೆಟ್ ಬಲ್ಲ ಖುರೇಷಿಗೆ ಅಮೆರಿಕನ್ ಫುಟ್‌ಬಾಲ್ ಹೊಸದು.

ಅವರಿಗೆ ಎದುರಾದ ಮೊದಲ ತೊಡಕು ಗಣಿತದ್ದಲ್ಲ, ಮಾತಿನದು. ಒಬ್ಬ ವರದಿಗಾರ ‘ಹುಡುಗ ಚುರುಕು’ ಎಂದು ಬರೆದರೆ ಅದು ಕಾಲಿನ ಚುರುಕೋ ತಲೆಯ ಚುರುಕೋ? ಇಬ್ಬರು ಒಂದೇ ಪದ ಬಳಸಿದರೂ ಇಬ್ಬರ ಮನಸ್ಸಿನಲ್ಲಿದ್ದುದು ಒಂದೇ ಆಗಿರಲಿಲ್ಲ. ನೂರಾರು ಗುಣಗಳ ಪಟ್ಟಿಯನ್ನು ಸೋಸಿ ಸೋಸಿ ಕೊನೆಗೆ ಐದಕ್ಕೆ ಇಳಿಸಲಾಯಿತು: ನಡತೆ, ಮೈಯ ಮೇಲಿನ ಹಿಡಿತ ಮತ್ತು ಚುರುಕು, ಸ್ಪರ್ಧಾ ಮನೋಭಾವ, ಬುದ್ಧಿಯ ಎಚ್ಚರ, ಕಸುವು. ಪ್ರತಿಯೊಂದಕ್ಕೂ ಅಂಕ ಕೊಡುವ ಕ್ರಮ ಬಂತು. ಗಮನಿಸಬೇಕಾದದ್ದೆಂದರೆ ಈ ಐದರಲ್ಲಿ ಮೂರನ್ನಾದರೂ ಗಡಿಯಾರದಿಂದಾಗಲೀ ತಕ್ಕಡಿಯಿಂದಾಗಲೀ ಅಳೆಯಲಾಗದು. ಯಾರಾದರೂ ಹೋಗಿ, ಕುಳಿತು, ನೋಡಿಯೇ ಹೇಳಬೇಕು.

ಹಾಗೆ ನೋಡಿಯೂ ತಪ್ಪುವುದುಂಟು. 2000ದ ಡ್ರಾಫ್ಟಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರಾಡಿ ಎಂಬ ಸಪೂರ ಹುಡುಗ 40 ಗಜ ಓಡಲು 5.28 ಸೆಕೆಂಡು ತೆಗೆದುಕೊಂಡ. ಆ ಮಟ್ಟದಲ್ಲಿ ಅದು ಎತ್ತಿನ ಗಾಡಿಯ ವೇಗ. 198 ಹುಡುಗರನ್ನು ಆರಿಸಿದ ಮೇಲೆ ಅವನ ಹೆಸರು ಬಂತು. ಮುಂದೆ ಆತ ಏಳು ಸಲ ಲೀಗ್‌ನ ಅತ್ಯುನ್ನತ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದ. ಅದಕ್ಕೆ ಎರಡು ವರ್ಷ ಮೊದಲು ಎರಡನೆಯವನಾಗಿ ಆಯ್ಕೆಯಾಗಿದ್ದ ರಯಾನ್ ಲೀಫ್ ಕೆಲವೇ ವರ್ಷಗಳಲ್ಲಿ ಆಟದಿಂದಲೇ ಮರೆಯಾದ.

ಯಾರೂ ಹೋಗದ ಊರಿಗೆ ಹೋದವರು

ಇವೆಲ್ಲ ಕಂಡವರ ಬಗ್ಗೆ ಆದ ತಪ್ಪುಗಳು. ಕಾಣದೇ ಉಳಿದವರ ಕಥೆ ಇನ್ನೂ ದೊಡ್ಡದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಕಾಲೇಜುಗಳು ಬಹಳ ಕಾಲ ಪ್ರತ್ಯೇಕವಾಗಿದ್ದವು. ಅಲ್ಲಿ ಒಳ್ಳೆಯ ಆಟಗಾರರಿದ್ದರೂ ಹೆಚ್ಚಿನ ತಂಡಗಳ ಶೋಧಕರು ಅತ್ತ ತಲೆಹಾಕುತ್ತಿರಲಿಲ್ಲ. ಪಿಟ್ಸ್‌ಬರ್ಗಿನ ಪತ್ರಕರ್ತ ಬಿಲ್ ನನ್ ಮಾತ್ರ ಈ ಕಾಲೇಜುಗಳ ಆಟವನ್ನು ವರ್ಷಗಟ್ಟಲೆ ನೋಡಿ ಬರೆಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಅವರನ್ನು ಶೋಧಕರಾಗಿ ನೇಮಿಸಿಕೊಂಡಿತು.

ಅಲಬಾಮಾದ ಸಣ್ಣ ಕಾಲೇಜೊಂದರ ಜಾನ್ ಸ್ಟಾಲ್‌ವರ್ತ್ ಎಂಬ ಹುಡುಗನ ಓಟವನ್ನು ಹಲವು ತಂಡಗಳ ಶೋಧಕರು ಒಂದು ದಿನ ಒಟ್ಟಾಗಿ ಅಳೆದರು. ನೆಲ ಒದ್ದೆಯಾಗಿತ್ತು, ಓಟ ನಿಧಾನವಾಯಿತು. ಉಳಿದವರು ಗುರುತು ಹಾಕಿಕೊಂಡು ಹೊರಟುಹೋದರು. ನನ್ ಮೈ ಸರಿಯಿಲ್ಲವೆಂದು ನೆಪ ಹೇಳಿ ಅಲ್ಲೇ ಉಳಿದರು. ಒಣ ನೆಲದ ಮೇಲೆ ಹುಡುಗನನ್ನು ಮತ್ತೊಮ್ಮೆ ಓಡಿಸಿ ಗಡಿಯಾರ ನೋಡಿದರು. 1974ರಲ್ಲಿ ಸ್ಟೀಲರ್ಸ್ ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಆರಿಸಿತು. ಆ ದಶಕದಲ್ಲಿ ಆ ತಂಡ ನಾಲ್ಕು ಸಲ ಪ್ರಶಸ್ತಿ ಗೆದ್ದಿತು, ಸ್ಟಾಲ್‌ವರ್ತ್ ಆಟದ ಅಮರರ ಸಾಲಿಗೆ ಸೇರಿದ. ನನ್ ಅವರ ಗಡಿಯಾರ ಬೇರೆಯವರದಕ್ಕಿಂತ ಉತ್ತಮವಾಗಿರಲಿಲ್ಲ. ಅವರು ಒಂದು ದಿನ ಹೆಚ್ಚು ಉಳಿದರು, ಅಷ್ಟೇ.

ನಮ್ಮಲ್ಲಿ ಕಾಲೇಜಿಗಿಂತ ಕಾರ್ಖಾನೆ

ಕರ್ನಾಟಕದಲ್ಲಿ ಕಾಲೇಜಿನಿಂದ ವೃತ್ತಿಪರ ಆಟಕ್ಕೆ ಹೋಗುವ ಇಂಥ ನೇರ ದಾರಿ ಬೆಳೆಯಲಿಲ್ಲ. ಮೂಡುಬಿದಿರೆಯ ಆಳ್ವಾಸ್‌ನಂಥ ಕೆಲವು ಸಂಸ್ಥೆಗಳು ಆಟಗಾರ ಮಕ್ಕಳನ್ನು ಹುಡುಕಿ ಉಚಿತವಾಗಿ ಓದಿಸಿವೆಯಾದರೂ ಅದು ಸಾರ್ವತ್ರಿಕ ವ್ಯವಸ್ಥೆಯಲ್ಲ. ಹಾಗೆಂದು ಶೋಧಕರ ಕಣ್ಣು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬೆಂಗಳೂರಿನ ದಂಡುಪ್ರದೇಶ ಒಂದು ಕಾಲಕ್ಕೆ ಫುಟ್‌ಬಾಲಿನ ಗಣಿ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಚೆಂಡನ್ನು ಹಾವಿನಂತೆ ಹರಿಸುತ್ತಿದ್ದ ಅಹಮದ್ ಖಾನ್ ಬೆಂಗಳೂರಿನವರೇ. ಕಲ್ಕತ್ತೆಯ ಕ್ಲಬ್ಬುಗಳು ಇಂಥ ಹುಡುಗರ ಮೇಲೆ ಕಣ್ಣಿಟ್ಟಿದ್ದವು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಅಹಮದ್ ಖಾನ್, ಅಲ್ಲಿ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು.

ಊರಿನಲ್ಲೇ ಉಳಿದವರನ್ನು ಕಾರ್ಖಾನೆಗಳು ಎತ್ತಿಕೊಂಡವು. ಎಚ್‌ಎಎಲ್, ಐಟಿಐಯಂಥ ಸಾರ್ವಜನಿಕ ಉದ್ದಿಮೆಗಳು ತಮ್ಮದೇ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಟ್ಟವು. ನಮ್ಮಲ್ಲಿ ವೃತ್ತಿಪರ ಆಟವೆಂದರೆ ಬಹುಕಾಲ ಇದೇ: ಪಗಾರದ ಪುಸ್ತಕದಲ್ಲಿ ಹೆಸರು, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ರಜೆ, ಮುಪ್ಪಿಗೆ ಪಿಂಚಣಿ. ಹುಡುಗನ ತಂದೆತಾಯಿಗೆ ಕಪ್ಪಿಗಿಂತ ನೌಕರಿಯ ಆದೇಶಪತ್ರವೇ ದೊಡ್ಡ ಬಹುಮಾನ. 1967-68 ಮತ್ತು 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯ, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿದ್ದು 2023ರಲ್ಲಿ, ಐವತ್ತನಾಲ್ಕು ವರ್ಷಗಳ ನಂತರ.

ಯಲ್ಲಾಪುರದ ಕಾಡಿನಲ್ಲಿ ಹುಡುಕಾಟ

ಸರ್ಕಾರವೇ ಶೋಧಕನ ವೇಷ ತೊಟ್ಟ ಪ್ರಸಂಗವೂ ಉಂಟು. 1980ರ ದಶಕದ ಮಧ್ಯದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಆರಂಭಿಸಿತು. ಗುಡ್ಡಗಾಡು, ಕಾಡು, ಕರಾವಳಿಗಳಲ್ಲಿ ಸಹಜ ಪ್ರತಿಭೆಯನ್ನು ಹುಡುಕುವುದು ಉದ್ದೇಶ. ಕರ್ನಾಟಕದಲ್ಲಿ ಅದರ ಕಣ್ಣು ಬಿದ್ದದ್ದು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಜನರ ಮೇಲೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಆಫ್ರಿಕದವರು ಓಟದಲ್ಲಿ ಗೆಲ್ಲುತ್ತಾರೆ, ಇವರೂ ಗೆಲ್ಲಬಹುದು ಎಂಬುದು ಆಗಿನ ತರ್ಕ. ಮಕ್ಕಳನ್ನು ಓಡಿಸಿ, ಜಿಗಿಸಿ, ಅಳೆದು, ಆರಿಸಿ ದೂರದ ವಸತಿ ಕೇಂದ್ರಗಳಿಗೆ ಕರೆದೊಯ್ದರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಪಡೆದರು.

ಆದರೆ 1993ರ ಹೊತ್ತಿಗೆ ಸಿದ್ದಿಗಳ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವರು ದಡ ಸೇರಿದರು. ಉಳಿದವರು ಅರ್ಧ ಓದು, ಅರ್ಧ ಆಟದೊಂದಿಗೆ ಊರಿಗೆ ಮರಳಿ ಕೂಲಿ ಹಿಡಿಯಬೇಕಾಯಿತು. ತರ್ಕದಲ್ಲೇ ದೋಷವಿತ್ತೆಂದು ಈಗ ಹೇಳುವುದು ಸುಲಭ. ಕೀನ್ಯಾದ ಓಟಗಾರರು ಬರುವುದು ಅಲ್ಲಿನ ಎತ್ತರದ ಪ್ರಸ್ಥಭೂಮಿಯ ಕೆಲವೇ ಸಮುದಾಯಗಳಿಂದ. ಆಫ್ರಿಕ ಎಂಬುದು ಒಂದು ಊರಲ್ಲ. ಒಂದು ಜನದ ಮೈಬಣ್ಣ ನೋಡಿ ಪ್ರತಿಭೆಯನ್ನು ಊಹಿಸುವುದು ಶೋಧವಲ್ಲ, ಪೂರ್ವಗ್ರಹ. ಇದೇ ಯೋಜನೆ ರಾಜಸ್ಥಾನದ ಆದಿವಾಸಿ ಬಿಲ್ಲುಗಾರ ಲಿಂಬಾ ರಾಮ್ ಅವರನ್ನೂ, 1998ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಣಿಪುರದ ಬಾಕ್ಸರ್ ಡಿಂಕೊ ಸಿಂಗ್ ಅವರನ್ನೂ ಬೆಳಕಿಗೆ ತಂದಿತೆಂಬುದನ್ನು ಮರೆಯಬಾರದು. ಲಿಂಬಾ ರಾಮ್ ಕೈಯಲ್ಲಿ ಬಾಲ್ಯದಿಂದಲೇ ಬಿಲ್ಲಿತ್ತು. ಶೋಧಕರು ಅಲ್ಲಿ ನೋಡಿದ್ದು ಕುಲವನ್ನಲ್ಲ, ಆಟವನ್ನು.

ಜೂನ್ ಒಂದರ ಮಕ್ಕಳು

ವಯಸ್ಸಿನ ಲೆಕ್ಕವೂ ಶೋಧಕನನ್ನು ದಾರಿ ತಪ್ಪಿಸುತ್ತದೆ. ಕೆನಡಾದ ಹಾಕಿ ತಂಡಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರೇ ಹೆಚ್ಚಿರುವುದನ್ನು 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಗುರುತಿಸಿದರು. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ ವರ್ಷದ ಆರಂಭದಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹತ್ತರ ಹರೆಯದಲ್ಲಿ ಆ ಒಂದು ವರ್ಷವೇ ಪ್ರತಿಭೆಯಂತೆ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ತೊಡಕು ಬೇರೆ ಬಗೆಯದು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ನೆನಪಿಲ್ಲದಿದ್ದರೆ ಮೇಷ್ಟರು ಜೂನ್ 1 ಎಂದು ಬರೆದುಬಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೀಗೆ ಒಂದೇ ದಿನ ಹುಟ್ಟಿದ ಹುಡುಗರಲ್ಲಿ ಯಾರು ದೊಡ್ಡವನು, ಯಾರು ಚಿಕ್ಕವನು ಎಂದು ಹೇಳುವುದು ಹೇಗೆ? ಎಳೆಯರ ಕ್ರಿಕೆಟ್‌ನಲ್ಲಿ ಮಣಿಕಟ್ಟಿನ ಎಲುಬಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ಕ್ರಮ ಬಂದದ್ದು ಇಂಥ ಕಾರಣಗಳಿಂದಲೇ.

ಆ ವಯಸ್ಸಿನ ಗೆರೆಯೂ ಕೆಲವೊಮ್ಮೆ ಅಡ್ಡ ಬರುತ್ತದೆ. 2002ರ ಸುಮಾರಿಗೆ ಕ್ರಿಕೆಟ್ ಮಂಡಳಿ ಸಣ್ಣ ಊರುಗಳ ಪಂದ್ಯಗಳಿಗೆ ಶೋಧಕರನ್ನು ಕಳಿಸಲಾರಂಭಿಸಿತು. ಬಂಗಾಳದ ಹಳೆಯ ಆಟಗಾರ ಪ್ರಕಾಶ್ ಪೊದ್ದಾರ್ ಜಮ್‌ಷೆಡ್‌ಪುರದಲ್ಲಿ ಕಂಡ ಒಬ್ಬ ವಿಕೆಟ್‌ಕೀಪರ್ ಬಗ್ಗೆ ವರದಿ ಕಳಿಸಿದರು. ಯೋಜನೆಯ ಮಿತಿ 19 ವರ್ಷ, ಹುಡುಗನಿಗೆ ಆಗಲೇ 21. ಮೇಲಿನವರು ನಿಯಮ ಸಡಿಲಿಸಿದರು. ಆ ಹುಡುಗ ಮಹೇಂದ್ರ ಸಿಂಗ್ ಧೋನಿ.

ಎದೆಯ ಮೇಲೆ ಊರಿನ ಹೆಸರು

ಡ್ರಾಫ್ಟ್ ಎಂಬ ಪದ ಈಗ ನಮ್ಮ ಕ್ರೀಡಾಪುಟಗಳಿಗೂ ಬಂದಿದೆ. 2008ರಲ್ಲಿ ಐಪಿಎಲ್ ತಂಡಗಳು 19 ವರ್ಷದೊಳಗಿನ ಹುಡುಗರನ್ನು ಡ್ರಾಫ್ಟಿನಿಂದ ಹಂಚಿಕೊಂಡವು. ದೆಹಲಿ ತಂಡ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ದೇಶದ ಫುಟ್‌ಬಾಲ್ ಆಟಗಾರರನ್ನು ಹೀಗೆಯೇ ಹಂಚಿತು. 2022ರ ಅಲ್ಟಿಮೇಟ್ ಖೊಖೊ ಲೀಗೂ ಈ ದಾರಿ ಹಿಡಿಯಿತು.

ಅದೇ 2022ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಗೂ ಆಟಗಾರರ ಡ್ರಾಫ್ಟ್ ನಡೆಯಿತು. ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ತಂಡ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಮಣಿಸಿ ಕಪ್ ಎತ್ತಿತು. ಸೀಮೆಯ ಹೆಸರು ರಾಜ್ಯವೆಲ್ಲ ಮೊಳಗಿದ್ದು ನಿಜ. ಆದರೆ ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಸೇಡಂ, ಚಿತ್ತಾಪುರ, ಶಹಾಬಾದಿನ ಹುಡುಗರು ತಮ್ಮ ಊರ ಹೆಸರಿನ ತಂಡವನ್ನು ನೋಡಿದ್ದು ಪರದೆಯ ಮೇಲೆ.

ಈ ಭಾಗ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿದ್ದು. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರ ಬದುಕು ಇಲ್ಲಿ ನೆನಪಿಗೆ ಬರುತ್ತದೆ. 1990ರ ದಶಕದ ಮಧ್ಯದಲ್ಲಿ ಕರ್ನಾಟಕಕ್ಕೆ ರಣಜಿ ಆಡಿದ ಈ ಬ್ಯಾಟ್ಸ್‌ಮನ್‌ಗೆ ಘಟಾನುಘಟಿಗಳಿದ್ದ ತಂಡದಲ್ಲಿ ಜಾಗ ಗಟ್ಟಿಯಾಗಲಿಲ್ಲ. ರೈಲ್ವೆ ಅವರನ್ನು ಕರೆದುಕೊಂಡಿತು. ಅಲ್ಲಿ ವರ್ಷಗಟ್ಟಲೆ ಮಧ್ಯಮ ಕ್ರಮಾಂಕದ ಬೆನ್ನೆಲುಬಾಗಿ ನಿಂತರು. ಆ ಅವಧಿಯಲ್ಲೇ ರೈಲ್ವೇಸ್ 2001-02ರಲ್ಲಿ ಮೊದಲ ಸಲ, 2004-05ರಲ್ಲಿ ಎರಡನೆಯ ಸಲ ರಣಜಿ ಟ್ರೋಫಿ ಗೆದ್ದಿತು. ಮುಂದೆ ಕರ್ನಾಟಕವೇ ಅವರನ್ನು ಮರಳಿ ಕರೆಸಿಕೊಂಡಿತು. ಭಾರತ ತಂಡದ ಬಾಗಿಲು ಮಾತ್ರ ಕೊನೆಗೂ ತೆರೆಯಲಿಲ್ಲ. ಕಾಣುವ ಕಣ್ಣೊಂದು ಬೇರೆ ಎಲ್ಲೋ ಇದ್ದುದರಿಂದ ಒಂದು ಆಟ ಉಳಿಯಿತು.

ರೈಲ್ವೆಯ ಮಾತು ಬಂದದ್ದರಿಂದ ಒಂದು ಸಣ್ಣ ಲೆಕ್ಕ. ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ ಬಿಟ್ಟು ನಾಲವಾರದ ಮೂಲಕ ಯಾದಗಿರಿ, ರಾಯಚೂರು ದಾಟಿ ರಾತ್ರಿಯಿಡೀ ಓಡಿ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ನಾಲವಾರದ ಹುಡುಗನೊಬ್ಬ ಆಯ್ಕೆಯ ಪರೀಕ್ಷೆಗೆ ಹೋಗಬೇಕಾದರೆ ಆ ರಾತ್ರಿಯ ಟಿಕೆಟ್ಟು, ಉಳಿಯಲು ಒಂದು ಜಾಗ, ಎರಡು ದಿನದ ಊಟ, ಜೊತೆಗೆ ಹೋಗುವ ಹಿರಿಯನ ಎರಡು ದಿನದ ಕೂಲಿ ಎಲ್ಲವನ್ನೂ ಮನೆಯವರು ಹೊಂದಿಸಬೇಕು. ನಿದ್ದೆಗೆಟ್ಟು ಇಳಿದವನು ಬೆಳಿಗ್ಗೆಯೇ ಓಡಬೇಕು. ಅವನ ಓಟ ನಿಧಾನವಾದರೆ ಗಡಿಯಾರ ಬರೆದುಕೊಳ್ಳುವುದು ಸೆಕೆಂಡುಗಳನ್ನು ಮಾತ್ರ. ಅದೂ ಸ್ಟಾಲ್‌ವರ್ತ್ ಓಡಿದ ಒದ್ದೆ ನೆಲವೇ.

ಬೆಳೆವ ಸಿರಿ ಮೊಳಕೆಯಲ್ಲಿ ಕಾಣುವುದೇ ಎಂಬ ಪ್ರಶ್ನೆಗೆ ಆಟದ ಚರಿತ್ರೆ ಕೊಡುವ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಅಳತೆಗಳು ಬೇಕು, ಆದರೆ ಅವು ಬ್ರಾಡಿಯನ್ನು ಗುರುತಿಸಲಿಲ್ಲ. ಗಣಕಯಂತ್ರ ಬೇಕು, ಆದರೆ ಅದರ ಹೊಟ್ಟೆಗೆ ಬೀಳುವುದು ಯಾರೋ ಕಣ್ಣಾರೆ ಕಂಡು ಬರೆದದ್ದು. ಡ್ರಾಫ್ಟ್ ಇರಲಿ, ಹರಾಜು ಇರಲಿ, ಆರಿಸಲು ಸಾಧ್ಯವಾಗುವುದು ಪಟ್ಟಿಯಲ್ಲಿರುವ ಹೆಸರುಗಳನ್ನು ಮಾತ್ರ. ಪಟ್ಟಿಗೆ ಹೆಸರು ಬರಬೇಕಾದರೆ ಮೊದಲು ಯಾರಾದರೂ ಊರಿಗೆ ಬರಬೇಕು. ಬಂದವರು ಸಿದ್ದಿ ಮಕ್ಕಳಿಗೆ ಮಾಡಿದಂತೆ ನಡುದಾರಿಯಲ್ಲಿ ಕೈಬಿಡದೆ ಉಳಿಯಬೇಕು.

ಕಾರಹುಣ್ಣಿಮೆ ಪ್ರತಿ ವರ್ಷ ಬರುತ್ತದೆ. ಕಲ್ಲು ಅಲ್ಲೇ ಇದೆ, ಎತ್ತುವ ಹುಡುಗರೂ ಇದ್ದಾರೆ. ಮೊಳಕೆ ನೋಡಬೇಕೆನ್ನುವವರು ಹೊಲಕ್ಕೆ ಹೋಗಬೇಕೆಂಬುದು ಕಟ್ಟೆಯ ಮೇಲಿನ ಹಿರಿಯರಿಗೆ ಮೊದಲಿನಿಂದಲೂ ಗೊತ್ತು.